ಆಲೂಗೆಡ್ಡೆಗೆ ಬೈತಲೆ

ನೀಲಗಿರಿ ಕೊರಡಿನ ನಡುವೆ ಚಾಕು ಸಿಕ್ಕಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

“ಇನ್ನೊಂದೇಟು ಹಾಕು,” ಎಂದ ಪುಟ್ಟರಾಜು. ಚಾಕು ಅವನ ಮನೆಯದಲ್ಲವಾದ್ದರಿಂದ ಅವನಿಗೆ ಧೈರ್ಯ ಜಾಸ್ತಿ ಇತ್ತು.

ಸ್ನೇಹಲತಾ ಚಾಕುವಿನ ಬೆನ್ನಿಗೆ ಕಲ್ಲಿನಿಂದ ಕುಟ್ಟಿದಳು. ಟಣ್ ಅಂತು. ಕೊರಡು ಸೀಳಿತು. ಎರಡು ವಿಕೆಟ್ ಸಿಕ್ಕವು. ಮರದ ಗಂಟಿನಲ್ಲಿ ಉಗುರಿನ ಚೂರಿನಷ್ಟು ಕಬ್ಬಿಣ ಹೊಳೆಯುತ್ತಿತ್ತು.

ಚಾಕುವಿನ ಅಲಗು ಮುಕ್ಕಾಗಿತ್ತು, ಹಲ್ಲು ಬಿದ್ದ ಒಂದನೇ ಕ್ಲಾಸಿನ ಮಕ್ಕಳ ಹಾಗೆ.

ಟಿವಿಯಲ್ಲಿ ವರ್ಲ್ಡ್ ಕಪ್ ಬರುತ್ತಿದ್ದ ಬೇಸಿಗೆ ರಜೆ ಅದು. ಇವರ ಬೀದಿಯಲ್ಲಿ ಮಾತ್ರ ಇನ್ನೂ ಗೋಡೆಗೆ ಇದ್ದಿಲಿನಲ್ಲಿ ಬರೆದ ವಿಕೆಟ್. ಬಾಲ್ ತಗುಲಿತೋ ಇಲ್ಲವೋ ಎಂದು ದಿನಾ ಜಗಳ. ಸೌದೆ ಸೀಳುವ ಮಚ್ಚು ಅಟ್ಟದ ಮೇಲಿತ್ತು. ಅದನ್ನು ಮುಟ್ಟಬಾರದು ಎಂದು ಅಪ್ಪ ಹೇಳಿದ್ದರು. ಚಾಕುವಿನ ಬಗ್ಗೆ ಏನೂ ಹೇಳಿರಲಿಲ್ಲ. ಸ್ನೇಹಲತಾ ಹೇಳಿದ ಮಾತು ಕೇಳುವ ಹುಡುಗಿ.

ಅದು ಅಜ್ಜಿಯ ಚಾಕು. ಆಲೂಗೆಡ್ಡೆ ಬಿತ್ತುವ ಕಾಲಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನವೆಲ್ಲ ಎಣ್ಣೆ ಹಚ್ಚಿಸಿಕೊಂಡು, ಬಟ್ಟೆ ಸುತ್ತಿಕೊಂಡು ಅಜ್ಜಿಯ ಟ್ರಂಕಿನಲ್ಲಿ ಮಲಗಿರುತ್ತಿತ್ತು. ಅವತ್ತು ಬೆಳಿಗ್ಗೆ ತಾನೇ ಅಜ್ಜಿ ಅದನ್ನು ಮಸೆದು, ಬಟ್ಟೆ ಸುತ್ತಿ ಕಿಟಕಿಯಲ್ಲಿ ಇಟ್ಟಿದ್ದರು. ಸ್ನೇಹಲತಾ ಅದನ್ನು ಒರೆಸಿ, ಮೊದಲಿನಂತೆಯೇ ಬಟ್ಟೆ ಸುತ್ತಿ, ಅಲ್ಲೇ ಇಟ್ಟಳು.

ಮರುದಿನ ಬೀಜದ ಗೆಡ್ಡೆ ಕೊಯ್ಯಲು ಹೆಂಗಸರು ಜಗಲಿಯಲ್ಲಿ ಸಾಲಾಗಿ ಕೂತರು, ತಮ್ಮ ತಮ್ಮ ಚಾಕು ಹಿಡಿದುಕೊಂಡು. ಗೆಡ್ಡೆಯ ಕಣ್ಣು ನೋಡಿ ಕೊಯ್ಯಬೇಕು. ಪ್ರತಿ ಹೋಳಿನಲ್ಲೂ ಒಂದಾದರೂ ಕಣ್ಣಿರಬೇಕು, ಇಲ್ಲದಿದ್ದರೆ ಮೊಳಕೆ ಬರುವುದಿಲ್ಲ. ಈ ಕೆಲಸದಲ್ಲಿ ಅಜ್ಜಿಯದೇ ದರ್ಬಾರು. ಸಾಲಿನ ಆ ತುದಿಯಲ್ಲಿ ಕೂತವರ ತಪ್ಪನ್ನೂ ಈ ತುದಿಯಿಂದ ಹಿಡಿಯುತ್ತಿದ್ದರು. ಸ್ನೇಹಲತಾಗೆ ಹೋಳುಗಳನ್ನು ಬುಟ್ಟಿಗೆ ತುಂಬುವ ಕೆಲಸ.

ಚಾಕು ಏನೂ ಹೇಳಲಾರದು ಎಂದು ಅವಳು ಧೈರ್ಯವಾಗಿದ್ದಳು. ಆಲೂಗೆಡ್ಡೆಗಳು ಹೇಳಿದವು. ಅಜ್ಜಿ ಕೊಯ್ದ ಒಂದೊಂದು ಹೋಳಿನ ಮೇಲೂ, ಅಲಗು ಮುಕ್ಕಾದ ಜಾಗಕ್ಕೆ ಸರಿಯಾಗಿ, ಉಬ್ಬಿದ ಒಂದು ಗೆರೆ.

ಅದನ್ನು ಮೊದಲು ಕಂಡವರು ಪಕ್ಕದ ಮನೆಯ ಮಾಯಮ್ಮ. “ಗುರುಸಿದ್ದಕ್ಕ, ಇದೇನು, ಎಲ್ಲಾ ಗೆಡ್ಡೆಗೂ ಬೈತಲೆ ತೆಗ್ದಿದ್ದೀಯ? ಮದ್ವೆ ಮಾಡಿ ಕಳುಸ್ತೀಯಾ?”

ಇಡೀ ಸಾಲು ನಕ್ಕಿತು. ಯಾವುದಕ್ಕೂ ಇರಲಿ ಎಂದು ಸ್ನೇಹಲತಾ ಕೂಡ ಸ್ವಲ್ಪ ನಕ್ಕಳು.

ಅಜ್ಜಿ ಚಾಕುವನ್ನು ಬೆಳಕಿಗೆ ಹಿಡಿದು, ಅಲಗನ್ನು ಮೆಲ್ಲಗೆ ಮುಟ್ಟಿ ನೋಡಿದರು. “ನೆನ್ನೆ ಮಸ್ದಾಗ ಇರ್ಲಿಲ್ವಲ್ಲ.”

“ಇತ್ತೇನೋ. ನಿಂಗೆ ಕಾಣ್ನಿಲ್ಲ,” ಎಂದರು ಮಾಯಮ್ಮ.

ಅಲ್ಲಿಂದ ಶುರುವಾಯಿತು. ಮಸೆಯುವ ಕಲ್ಲು ಯಾವುದು, ಬಾಗಿಲ ಮೆಟ್ಟಿಲು ಯಾವುದು ಎಂದು ಅಜ್ಜಿಗೆ ಗೊತ್ತಾಗಿರಲಿಕ್ಕಿಲ್ಲ ಎಂದರು ಒಬ್ಬರು. ಮೊನ್ನೆ ತಮ್ಮ ಮನೆ ಕೋಳಿಯನ್ನು ಗುರುಸಿದ್ದಕ್ಕ ತನ್ನದೇ ಎಂದು ಬೈದು ಗೂಡಿಗೆ ಹಾಕಿದ್ದರು ಎಂದರು ಇನ್ನೊಬ್ಬರು. ಅಜ್ಜಿಯೂ ನಕ್ಕರು. ಆಮೇಲೆ ನಗಲಿಲ್ಲ.

ಮೂಟೆ ಬಿಚ್ಚುತ್ತಿದ್ದ ಅಪ್ಪ ಮೋಹನ್‌ಕುಮಾರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ನೀನಿನ್ನು ಕುಯ್ಯೋದು ಬ್ಯಾಡ ಬುಡವ್ವ. ಕೈಗೆ ಏಟು ಮಾಡ್ಕಂಡೀಯ. ಮಾಯಕ್ಕ ನೋಡ್ಕತ್ತರೆ.”

ಕೊಣನೂರು ಬಸ್ಸಿನ ಕಂಡಕ್ಟರಿಗೇ ದಾರಿ ಹೇಳಿಕೊಡುವ ಅಜ್ಜಿ ಚಾಕು ಕೆಳಗಿಟ್ಟು, ಎದ್ದು ಹೋಗಿ, ಗೋಡೆಗೆ ಒರಗಿ ಕೂತರು. ಕೈಗೆ ಕೆಲಸವಿರಲಿಲ್ಲ. ಖಾಲಿ ಗೋಣಿಚೀಲವೊಂದನ್ನು ಮಡಚಿದರು. ಬಿಚ್ಚಿ ಮತ್ತೆ ಮಡಚಿದರು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಸ್ನೇಹಲತಾಗೆ ಅರ್ಥವಾಯಿತು. ತಪ್ಪು ಅಜ್ಜಿಯ ಕಣ್ಣಿನದಾಗುತ್ತದೆ. ವಿಕೆಟ್ ಉಳಿಯುತ್ತದೆ. ಅವಳು ಒಂದು ಬುಟ್ಟಿ ತುಂಬಿದಳು. ಇನ್ನೊಂದು ತುಂಬಿದಳು. ಅಜ್ಜಿ ಅದೇ ಚೀಲ ಮಡಚುತ್ತಿದ್ದರು.

“ಅಜ್ಜಿ, ಅದು ನಾನು.” ಅಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು. “ವಿಕೆಟ್ ಮಾಡಕ್ಕೆ ಸೌದೆ ಸೀಳ್ದೆ. ಕಲ್ಲಲ್ಲಿ ಕುಟ್ದೆ.”

ಚಾಕುಗಳೆಲ್ಲ ನಿಂತವು.

“ಯಾವಾಗ?”

“ನೆನ್ನೆ ಸಂಜೆ.”

“ಅಂಗಾರೆ ನಾನು ಮಸ್ದಾಗ ಸರಿಯಾಗಿತ್ತು?”

“ಸರಿಯಾಗಿತ್ತು.”

ಅಜ್ಜಿ ಆಗಲೇ ಎದ್ದು ನಿಂತಿದ್ದರು. “ಕೇಳುಸ್ಕಂಡ್ಯಾ ಮಾಯಿ? ನನ್ನ ಕಣ್ಣು ನೆಟ್ಟಗೈತೆ. ಕೆಟ್ಟಿರೋದು ಈ ಮೂದೇವಿ ಬುದ್ಧಿ.”

ಅಡುಗೆಮನೆಯ ಚಾಕು ತರಿಸಿಕೊಂಡು ಅಜ್ಜಿ ತಮ್ಮ ಜಾಗದಲ್ಲಿ ಮತ್ತೆ ಕೂತರು. ಬೈಗುಳ ಶುರುವಾಯಿತು. ಗೆಡ್ಡೆ ಕುಯ್ಯುವ ಚಾಕುವಿನಲ್ಲಿ ಸೌದೆ ಸೀಳುವುದನ್ನು ಯಾವ ಸ್ಕೂಲಿನಲ್ಲಿ ಹೇಳಿಕೊಟ್ಟರು ಎಂದು ಕೇಳಿದರು. ಆ ವಿಕೆಟ್‌ಗಳು ಸಂಜೆಯೇ ಬಚ್ಚಲ ಒಲೆಗೆ ಎಂದು ತೀರ್ಪು ಕೊಟ್ಟರು. ನಡುವೆ ಪುಟ್ಟರಾಜುವಿನ ಹೆಸರು ಬಂತು. ಅಲ್ಲಿವರೆಗೆ ಗೇಟಿನ ಹತ್ತಿರ ಇಣುಕುತ್ತಿದ್ದ ಪುಟ್ಟರಾಜು ಆಮೇಲೆ ಅಲ್ಲಿರಲಿಲ್ಲ. ಬೈಯುತ್ತ ಬೈಯುತ್ತಲೇ, ಮಾಯಮ್ಮನ ಬಲಗಡೆ ಬಿದ್ದ ಹೋಳಿನಲ್ಲಿ ಕಣ್ಣಿಲ್ಲ ಎಂದೂ ಹೇಳಿದರು. ಮಾಯಮ್ಮ ಎತ್ತಿ ನೋಡಿದರು. ಇರಲಿಲ್ಲ.

ಸ್ನೇಹಲತಾ ಅಳುವುದಕ್ಕೆ ತಯಾರಾಗಿ ಕೂತಿದ್ದಳು. ಅಳು ಬರಲಿಲ್ಲ. ಅಜ್ಜಿಯ ಬೆನ್ನು ನೆಟ್ಟಗಾಗಿತ್ತು, ಕೈ ಸರಸರ ಓಡುತ್ತಿತ್ತು, ಎದುರಿಗಿದ್ದ ಹೋಳಿನ ಗುಡ್ಡೆ ಬೆಳೆಯುತ್ತಿತ್ತು.

ಊಟದ ಹೊತ್ತಿಗೆ ಬೈಗುಳದ ಸದ್ದು ಇಳಿಯುತ್ತ ಬಂತು. ಅಜ್ಜಿ ಸುಮ್ಮನಾದರು, ಕೈಯೂ ನಿಧಾನವಾಯಿತು.

ಸ್ನೇಹಲತಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ಅಜ್ಜಿ, ನಿನ್ ಚಾಕಿನ ಹಿಡಿನೂ ಅಲ್ಲಾಡ್ತೈತೆ,” ಎಂದಳು.

ಅಜ್ಜಿ ಮೊದಲಿನಿಂದ ಶುರು ಮಾಡಿದರು. ಸ್ನೇಹಲತಾ ಬುಟ್ಟಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡಳು.