ಬೆಲ್ ಮೇಲಿನ ಎರಡನೇ ಹೆಸರು

ಹೆನ್ನಿಂಗ್ ಲೋಝೆ ನನ್ನ ಜೊತೆ ಆಡಿದ ಮೊದಲ ಮಾತು: "ಇವತ್ತು ಭಾನುವಾರ."

ನಾನು ಬೀದಿ ತುದಿಯಲ್ಲಿ ಹಳೇ ಗಾಜು ಸಂಗ್ರಹಿಸುವ ತೊಟ್ಟಿಗೆ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಹಾಕುತ್ತಿದ್ದೆ. ತಿರುಗಿ ನೋಡಿದರೆ ಉದ್ದನೆಯ ಮನುಷ್ಯ, ಟ್ರಾಮ್ ಚಾಲಕರ ನೀಲಿ ಜಾಕೆಟ್, ನಿದ್ದೆಗೆಟ್ಟ ಕಣ್ಣು. ನಾನು ಲೈಪ್‌ಜಿಗ್‌ಗೆ ಬಂದು ಇನ್ನೂ ಎರಡು ವಾರ. ಒಬ್ಬರಾದರೂ ತಾವಾಗಿ ಮಾತನಾಡಿಸಿದರಲ್ಲ ಎಂದು ಖುಷಿಯಾಯಿತು.

"ಹೌದು, ಬಿಸಿಲು ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ಇನ್ನೊಂದು ಬಾಟಲಿ ಎಸೆದೆ. ಢಣಾರ್!

ಅವನು ಕಣ್ಣು ಮುಚ್ಚಿ ತೆರೆದ. "ಭಾನುವಾರ ಬಾಟಲಿ ಹಾಕಬಾರದು. ಸದ್ದಾಗುತ್ತೆ."

"ಮತ್ತೆ ಯಾವಾಗ ಹಾಕ್ಬೇಕು?"

"ಸೋಮವಾರ."

"ಸೋಮವಾರ ಸದ್ದಾಗಲ್ವಾ?"

ಅವನು ಯೋಚಿಸಿದ. ನಿಜವಾಗಿಯೂ ನಿಂತು ಯೋಚಿಸಿದ. "ಆಗುತ್ತೆ. ಆದ್ರೆ ಅದು ಸೋಮವಾರದ ಸದ್ದು."

ತಮಾಷೆಯೋ ಬೈಗುಳವೋ ತಿಳಿಯಲಿಲ್ಲ. ಉಳಿದ ಬಾಟಲಿಗಳ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕನೇ ಮಹಡಿಯ ನನ್ನ ಬಾಗಿಲವರೆಗೆ ಹೊತ್ತು ತಂದಿಟ್ಟು, ತಲೆಯಾಡಿಸಿ ಕೆಳಗಿಳಿದು ಹೋದ. ನೆಲಮಹಡಿ ಅವನ ಮನೆ.

ಆಗ ನನಗೆ ಬಾಟಲಿಗಿಂತ ದೊಡ್ಡ ತಲೆನೋವು ಶುರುವಾಗಿತ್ತು. ಈ ಊರಲ್ಲಿ ಕಟ್ಟಡಕ್ಕೆ ನಂಬರ್ ಇದೆ, ಒಳಗಿನ ಮನೆಗಳಿಗೆ ಇಲ್ಲ. ಅಂಚೆ ಡಬ್ಬಿಯ ಮೇಲೆ ಹೆಸರಿದ್ದರೆ ಪತ್ರ, ಇಲ್ಲದಿದ್ದರೆ ಇಲ್ಲ. ನಾನು ಬಾಡಿಗೆಗಿದ್ದದ್ದು ಸ್ಪೇನ್‌ಗೆ ಹೋಗಿದ್ದ ವಿಂಕ್ಲರ್ ಎಂಬಾಕೆಯ ಮನೆಯಲ್ಲಿ. ಡಬ್ಬಿಯ ಮೇಲೆ ಅವಳ ಹೆಸರು. ಅದರ ಕೆಳಗೆ ನನ್ನ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿದೆ. ಮರುದಿನ ಬೆಳಿಗ್ಗೆ ಮಾಯ. ಮತ್ತೆ ಅಂಟಿಸಿದೆ, ಮತ್ತೆ ಮಾಯ. ಈ ಕಟ್ಟಡದಲ್ಲಿ ಹಿತ್ತಾಳೆ ತಗಡು ಮಾತ್ರ ನಡೆಯುತ್ತದಂತೆ. ಮನೆಯವರಾದರೆ ತಾವೇ ಹಾಕಿಸಬಹುದು; ನನ್ನಂಥ ಬಾಡಿಗೆಯವಳು ಅರ್ಜಿ ಹಾಕಿದರೆ ಮೂರು ತಿಂಗಳು.

ಅಷ್ಟರಲ್ಲಿ ನನ್ನ ವಾಸದ ಪರವಾನಗಿಯ ಕರೆಪತ್ರ ಹೊರಟು, ಕಚೇರಿಗೇ ವಾಪಸ್ ಹೋಗಿತ್ತು. ಲಕೋಟೆಯ ಮೇಲೆ 'ಈ ವಿಳಾಸದಲ್ಲಿ ಅಪರಿಚಿತೆ' ಎಂಬ ಮುದ್ರೆ.

"ಆದ್ರೆ ನಾನು ಅಲ್ಲೇ ಇದೀನಿ!" ಎಂದೆ ಕಚೇರಿಯ ಹೆಂಗಸಿಗೆ.

"ಇರಬಹುದಮ್ಮ. ಅಂಚೆಗೆ ಗೊತ್ತಿಲ್ವಲ್ಲ," ಎಂದಳು ಆಕೆ, ಪಾಪ, ಮೆತ್ತಗೆ. "ಇನ್ನೊಂದ್ಸಲ ಕಳಿಸ್ತೀವಿ. ಅದೂ ವಾಪಸ್ ಬಂದ್ರೆ ಫೈಲ್ ಮುಚ್ತೀವಿ."

ಫೈಲ್ ಮುಚ್ಚಿದರೆ ಹಲ್ಲು ತಯಾರಿಸುವ ಲ್ಯಾಬಿನ ನನ್ನ ಕೆಲಸವೂ ಮುಚ್ಚಿದಂತೆಯೇ. ಅಲ್ಲಿಂದ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಾಳಿ ಮುಗಿಸಿ ಬಂದ ಹೆನ್ನಿಂಗ್ ನನ್ನನ್ನು ದಾಟಿಕೊಂಡು ಹೋಗದೆ ಎರಡು ಮೆಟ್ಟಿಲು ಕೆಳಗೆ ನಿಂತ. ಎಲ್ಲ ಹೇಳಿದೆ. ನಡುವೆ ಸ್ವಲ್ಪ ಅತ್ತೆ ಕೂಡ.

"ಹುಂ," ಎಂದ. "ಹೆಸರಿನ ಅಕ್ಷರ ಹೇಳಿ."

ಹೇಳಿದೆ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಒಳಗೆ ಹೋದ.

ಎರಡು ದಿನಕ್ಕೆ ನೆಲಮಹಡಿಯ ಡಬ್ಬಿಯ ಮೇಲೆ ಹೊಸ ಹಿತ್ತಾಳೆ ತಗಡು ಮಿನುಗುತ್ತಿತ್ತು. ಮೇಲೆ 'ಲೋಝೆ', ಕೆಳಗೆ ನನ್ನ ಮನೆತನದ ಹೆಸರು, 'ಮೆಲಾಡ್ಜೆ'. ಒಂದೇ ಅಳತೆಯ ಅಕ್ಷರ.

ಹೋದ ಜೀವ ಬಂದಂತಾಯಿತು. ಆದರೆ ಅದೇ ಶನಿವಾರ ಮೂರನೇ ಮಹಡಿಯ ಶ್ರೀಮತಿ ಪುಶೆಲ್ ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ ವಿಧವೆ, ಕೈಯಲ್ಲಿ ಒಂದು ಬ್ರೆಡ್ಡು, ಬಟ್ಟೆಯ ಪುಟ್ಟ ಗಂಟಿನಲ್ಲಿ ಉಪ್ಪು.

"ಹೊಸ ಮನೆಗೆ ಬ್ರೆಡ್ಡು, ಉಪ್ಪು ಕೊಡೋದು ನಮ್ಮ ಪದ್ಧತಿ," ಎಂದರು.

"ನಾನು ಬಂದು ತಿಂಗಳಾಯ್ತಲ್ಲ?"

"ಈ ಮನೆಗಲ್ಲ ಕಣೇ, ಕೆಳಗಿನ ಮನೆಗೆ! ಎರಡು ಹೆಸರು ನೋಡ್ದೆ. ಎಂಟು ವರ್ಷದಿಂದ ಆ ಹುಡುಗ ಜೋಡಿಯಿಲ್ಲದೆ ಸೂಪ್ ಕುಡೀತಿದ್ದ. ಯಾವಾಗ ಇಳಿಸ್ತೀಯಾ ಸಾಮಾನು?"

"ಅಯ್ಯೋ, ಅದು ಬರೀ ಅಂಚೆಗೆ..."

"ಹೌದೌದು. ನಾನೂ ನನ್ನ ಗಂಡನ್ನ ಬರೀ ಕಲ್ಲಿದ್ದಲು ಹೊರೋಕೆ ಅಂತಾನೇ ಮಾಡ್ಕೊಂಡಿದ್ದು."

ನಮ್ಮೂರು ಕುತಾಯಿಸಿಯಲ್ಲಿರುವ ನನ್ನ ಅಕ್ಕ ಎಕಾಗೆ ಫೋನ್ ಮಾಡಿದೆ. ಬಿದ್ದು ಬಿದ್ದು ನಕ್ಕಳು. "ನಮ್ಮಲ್ಲಿ ಹೆಣ್ಣು ಕೇಳೋಕೆ ಗಂಡು ಹತ್ತು ಜನರನ್ನ ಕರ್ಕೊಂಡು ಬರ್ತಾನೆ. ನಿನ್ನೋನು ಸ್ಕ್ರೂಡ್ರೈವರ್ ಹಿಡ್ಕೊಂಡು ಬಂದಿದಾನೆ. ನೇರವಾಗಿ ಕೇಳೇ!"

ಕೇಳಿದೆ. ಬ್ರೆಡ್ಡು, ಉಪ್ಪು ಎರಡನ್ನೂ ಅವನ ಅಡುಗೆಮನೆಯ ಮೇಜಿನ ಮೇಲಿಟ್ಟು ಕೇಳಿದೆ. "ಇಡೀ ಕಟ್ಟಡ ಏನೋ ತಿಳ್ಕೊಂಡಿದೆ. ಆ ತಗಡು ಯಾಕೆ ಹಾಕಿದ್ರಿ?"

ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. "ಅಂಚೆಗೆ."

"ಅಂಚೆಗೆ ಮಾತ್ರಾನಾ?"

"ಅಂಚೆ ಮುಖ್ಯ," ಎಂದ, ಬ್ರೆಡ್ಡು ನೋಡುತ್ತಾ. ಚೂರಿ ತಂದು ಎರಡು ತುಂಡು ಕತ್ತರಿಸಿದ. ದೊಡ್ಡದು ನನಗೆ. "ಒಣಗಿ ಹೋದ್ರೆ ದಂಡ."

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ನಾಲ್ಕು ಮಹಡಿ ಹತ್ತುವಷ್ಟೂ ಹೊತ್ತು ಯೋಚಿಸಿದೆ. ಉಪ್ಪಿನ ಗಂಟು ಮತ್ತೆ ನನ್ನ ಕೈಗೇ ಬಂದಿತ್ತು. "ನಿಮ್ಮ ಹತ್ರ ಇರ್ಲಿ," ಎಂದಿದ್ದ.

ಕರೆಪತ್ರ ಬಂತು. ಅವನೇ ಕೆಲಸದ ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಂಡು, ಮಡಿಕೆಯಾಗದಂತೆ, ಮೇಲಕ್ಕೆ ತಂದುಕೊಟ್ಟ. ಪರವಾನಗಿ ಸಿಕ್ಕಿತು. ಆ ದಿನ ಚೀಸ್ ತುಂಬಿದ ರೊಟ್ಟಿ ಬೇಯಿಸಿ ಕೆಳಗೆ ಒಯ್ದೆ. ಆಮೇಲೆ ಅದೊಂದು ಅಭ್ಯಾಸವೇ ಆಯಿತು: ನನ್ನ ಪತ್ರ ತರಲು ನಾನು ಇಳಿಯುವುದು, ಅವನು ಚಹಾ ಇಡುವುದು. ನಾನು ಜಾಹೀರಾತಿನ ಕಾಗದಕ್ಕೂ ಇಳಿಯುತ್ತಿದ್ದೆ. ನಾನು ನಕ್ಕರೆ ಅವನು ನನ್ನನ್ನು ನೋಡುತ್ತಿದ್ದ. ನಾನು ನೋಡಿದರೆ ಸಕ್ಕರೆ ಡಬ್ಬಿಯನ್ನು ನೋಡುತ್ತಿದ್ದ. ಮಾತು ಮಾತ್ರ ಹವಾಮಾನ ದಾಟಲಿಲ್ಲ.

ಹೀಗಿರುವಾಗ ವಿಂಕ್ಲರ್ ವಾಪಸ್ ಬರುತ್ತೇನೆಂದು ತಿಳಿಸಿದಳು. ತಿಂಗಳ ಕೊನೆಗೆ ಮನೆ ಬಿಡಬೇಕು. ಊರಿನ ಇನ್ನೊಂದು ತುದಿಯಲ್ಲಿ ರೂಮು ನೋಡಿ ಬಂದೆ. ಸುದ್ದಿ ಹೇಳಿದಾಗ ಹೆನ್ನಿಂಗ್, "ಅಲ್ಲಿಗೆ ಹನ್ನೊಂದನೇ ನಂಬರ್ ಟ್ರಾಮ್ ಹೋಗುತ್ತೆ," ಎಂದ. ಅಷ್ಟೇ. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಮರುದಿನ ಕಟ್ಟಡದ ಹೊರಗೆ ಅಂಚೆಯವಳು ಸಿಕ್ಕಳು. ಗಟ್ಟಿ ಬಾಯಿಯ ಹೆಂಗಸು.

"ವಿಳಾಸ ಬದಲಾಗುತ್ತೆ," ಎಂದೆ. "ಇನ್ನು ಅಲ್ಲೂ ತಗಡು ಮಾಡಿಸ್ಬೇಕೇನೋ."

"ತಗಡು ಯಾಕಮ್ಮ? ಲಕೋಟೆ ಮೇಲೆ 'ಇಂಥವರ ಮನೆಯಲ್ಲಿ' ಅಂತ ಬರೆಸಿದ್ರೆ ಸಾಕು. ಇಲ್ಲೂ ಸಾಕಿತ್ತು."

"ಪಾಪ, ಲೋಝೆಗೆ ಗೊತ್ತಿರ್ಲಿಲ್ಲ."

"ಲೋಝೆಗಾ? ಹೋದ ವರ್ಷ ಅವನ ತಮ್ಮ ಇಲ್ಲಿ ಆರು ತಿಂಗಳಿದ್ದ. ಎಲ್ಲಾ ಪತ್ರ ಹಾಗೇ ಬಂದಿದ್ದು." ಅವಳು ಬಾಗಿಲ ಪಕ್ಕದ ಬೆಲ್‌ಗಳ ಸಾಲು ತೋರಿಸಿದಳು. "ಅದೂ ಅಲ್ದೆ, ಇಲ್ಲಿ ನೋಡು. ನಾನೇನು ಬೆಲ್ಲಿಗೆ ಕಾಗದ ತುರುಕ್ತೀನಾ?"

ನೋಡಿದೆ. ಕೀಲಿ ಇದ್ದವರು ತಮ್ಮ ಕಟ್ಟಡದ ಬೆಲ್ ಯಾವತ್ತು ನೋಡುತ್ತಾರೆ? ಎಲ್ಲಕ್ಕಿಂತ ಕೆಳಗಿನ ಬೆಲ್‌ನ ಪಕ್ಕ ಪುಟ್ಟ ಹಿತ್ತಾಳೆ ತಗಡು. ಲೋಝೆ. ಮೆಲಾಡ್ಜೆ.

ಡಬ್ಬಿ ಅಂಚೆಗೆ ಸರಿ. ಬೆಲ್ ಯಾರಿಗೆ?

ಭಾನುವಾರ ಬರುವವರೆಗೆ ಕಾದೆ. ಒಂದು ಸ್ಕ್ರೂಡ್ರೈವರ್ ಹಿಡಿದು ಅವನ ಬಾಗಿಲಲ್ಲಿ ನಿಂತೆ. "ನನ್ನ ಕೆಲಸ ಆಯ್ತು ಹೆನ್ನಿಂಗ್. ಬನ್ನಿ, ತಗಡು ತೆಗೆಯೋಣ. ಎರಡೂ."

'ಎರಡೂ' ಎಂದಾಗ ಅವನ ಕಿವಿ ಕೆಂಪಾಯಿತು. ಸ್ಕ್ರೂಡ್ರೈವರನ್ನು ನೋಡಿದ. ನನ್ನನ್ನು ನೋಡಿದ. ಈ ಸಲ ಸಕ್ಕರೆ ಡಬ್ಬಿ ಹತ್ತಿರದಲ್ಲಿರಲಿಲ್ಲ.

"ಇವತ್ತು ಭಾನುವಾರ," ಎಂದ.

"ಸ್ಕ್ರೂ ಬಿಚ್ಚಿದ್ರೆ ಸದ್ದಾಗಲ್ಲ."

"ಆಗುತ್ತೆ." ಅವನ ದನಿ ಇಳಿದಿತ್ತು. "ನನಗೆ ಕೇಳುತ್ತೆ."

ನಾನು ಸ್ಕ್ರೂಡ್ರೈವರ್ ಕೆಳಗಿಳಿಸಿದೆ.

"ಹಾಗಾದ್ರೆ ಸೋಮವಾರ ತೆಗೀತೀರಾ?"

"ಇಲ್ಲ."

"ಮಂಗಳವಾರ?"

"ಖಾತುನಾ," ಎಂದ. ಮೊದಲ ಸಲ ಹೆಸರು ಹಿಡಿದು ಕರೆದದ್ದು. "ನೀನು ಹೋಗ್ಲೇಬೇಕು ಅಂದ್ರೆ ನೀನೇ ತೆಗಿ. ನನ್ನ ಕೈಲಾಗಲ್ಲ. ಹಾಕುವಾಗಲೇ ಹೇಳ್ಬೇಕಿತ್ತು. ನನಗೆ ಹೇಳೋಕೆ ಬರ್ಲಿಲ್ಲ, ಬರೆಸಿಬಿಟ್ಟೆ."

ನಾನು ತಿರುಗಿ ಮೆಟ್ಟಿಲು ಹತ್ತಿದೆ. ಪಾಪ, ಅವನು ಏನು ತಿಳಿದುಕೊಂಡನೋ. ಮೇಲಿಂದ ಉಪ್ಪಿನ ಗಂಟು ತೆಗೆದುಕೊಂಡು ಓಡೋಡಿ ಇಳಿದು, ಮುಚ್ಚಿದ ಅವನ ಬಾಗಿಲು ದಾಟಿ, ನೇರ ಬೀದಿಗೆ ಬಂದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಹೆಸರಿನ ಬೆಲ್ ಒತ್ತಿದೆ.

ಗೋಡೆಯ ಸ್ಪೀಕರ್ ಗರಗರ ಎಂದಿತು. ಸೋತ ದನಿ. "ಯಾರು?"

"ಮೆಲಾಡ್ಜೆ," ಎಂದೆ. "ಈ ವಿಳಾಸದಲ್ಲೇ ಇರೋಳು. ಬಾಗಿಲು ತೆಗಿ, ಉಪ್ಪು ತಂದಿದೀನಿ."