ಪತ್ರದಲ್ಲಿಲ್ಲದ ಸಾಲು

ಬಾಗಿಲು ತೆರೆದ ಶಶಿಕಾಂತ ಮೊದಲು ಅವಳ ಕೈಯಲ್ಲಿದ್ದ ಫೈಲನ್ನು ನೋಡಿದ, ಆಮೇಲೆ ಮುಖವನ್ನು. ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿನ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವಳ ಕೂದಲು ಬೆಳ್ಳಗಾಗಿತ್ತು. ಕೆನ್ನೆಯ ಗುಳಿ ಮಾತ್ರ ಹಾಗೇ ಇತ್ತು.

"ಪ್ರಫುಲ್ಲಾ ಮೇಡಂ?"

"ಮೊದಲು ನೀರು ಕೊಡಿ ಮಾರಾಯ್ರೆ. ಜಗಳ ಆಮೇಲೆ."

ಮೂವತ್ತೇಳು ವರ್ಷಗಳ ಹಿಂದೆ ಅವಳು ಫೋರ್ಟ್‌ನ ಉಡುಪಿ ಹೋಟೆಲೊಂದರ ಮಾಲೀಕರ ಮಗಳು, ಪಿಎಚ್‌ಡಿ ಮಾಡುತ್ತಿದ್ದಳು. ಅವನು ಬೆಳಗಾವಿಯಿಂದ ಬಂದು ಅಲ್ಲೇ ಒಂದು ದಾಖಲೆ ಕಚೇರಿಯಲ್ಲಿ ಹಂಗಾಮಿ ನೌಕರನಾಗಿದ್ದ; ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯನ್ನು ಅಜ್ಜನಿಂದ ಕಲಿತವನು. ಕಂಪನಿ ಸರಕಾರ ಬಂದ ಮೇಲೆ ದೇಸಾಯಿಗಳ ಕುದುರೆ ಸವಾರರು ಏನಾದರು ಎಂಬುದು ಅವಳ ವಿಷಯ. ಎಷ್ಟೋ ಜನರನ್ನು ಮನೆಗೆ ಕಳಿಸಿದ್ದರು. ಕೆಲವರಿಂದ ಕುದುರೆ ಬಿಡಿಸಿ, ಸೊಂಟಕ್ಕೆ ಪಟ್ಟೆ ಕಟ್ಟಿಸಿ, ಕಲೆಕ್ಟರ್ ಕಚೇರಿಯ ಬಾಗಿಲಲ್ಲಿ ಪೇದೆಗಳಾಗಿ ನಿಲ್ಲಿಸಿದ್ದರು.

ಆ ಸವಾರರ ಅರ್ಜಿಗಳನ್ನು ಅವನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಫ್ಯಾನಿನ ಗಾಳಿಗೆ ಅವಳ ಮುಂಗುರುಳು ಹಾರಿದರೆ ಅವನಿಗೆ ಸಾಲು ತಪ್ಪುತ್ತಿತ್ತು.

"ಎಲ್ಲಿ ನೋಡ್ತಾ ಇದ್ದೀರಿ?"

"ಅಕ್ಷರ ಅಳಿಸ್ಯಾವ್ರಿ," ಎನ್ನುತ್ತಿದ್ದ.

ಒಂದು ದಿನ ಹೇಳದೆ ಕೇಳದೆ ಪುಣೆಗೆ ಹೊರಟುಹೋದ. ಅವಳಿಗೆ ಮದುವೆಯಾಯಿತು, ಗಂಡ ತೀರಿಕೊಂಡು ಈಗ ಒಂಬತ್ತು ವರ್ಷ; ಗೋರೆಗಾವ್‌ನ ಮನೆಯಲ್ಲಿ ಒಬ್ಬಳೇ. ತಂಗಿಯರ ಮದುವೆ ಮಾಡುವುದರಲ್ಲಿ ಅವನ ಮದುವೆಯ ವಯಸ್ಸು ದಾಟಿತ್ತು; ನಿವೃತ್ತನಾದ ಮೇಲೆ ಮತ್ತೆ ಇಲ್ಲಿಗೇ ಬಂದಿದ್ದ.

ನೀರು ಕುಡಿದು ಅವಳು ಫೈಲು ಬಿಚ್ಚಿದಳು. "ಥೀಸಿಸ್ ಈಗ ಪುಸ್ತಕ ಆಗ್ತಾ ಉಂಟು. ನನ್ನ ಸ್ಟೂಡೆಂಟ್ ಶ್ರಾವ್ಯಾ ಒಬ್ಬ ಸವಾರನ ಮೂಲ ಪತ್ರದ ಫೋಟೋ ತರಿಸಿ ಓದಿದ್ಳು. ಈ ಸಾಲು ಅದರಲ್ಲಿ ಇಲ್ಲವೇ ಇಲ್ಲವಂತೆ."

ಕನ್ನಡಕ ಏರಿಸಿ ಓದಿದಳು: "'ಅವಳು ಬರುವ ದಾರಿ ಕಾಯುವುದೇ ನನ್ನ ಚಾಕರಿ. ಅದಕ್ಕೆ ಸರಕಾರದ ಸಂಬಳ ಬೇಡ.'"

ಶಶಿಕಾಂತ ಕಿಟಕಿಯತ್ತ ತಿರುಗಿದ.

"ಸವಾರ ಕುದುರಿ ಅಷ್ಟ ಕೇಳಿದ್ದ ರೀ. ಇದು ನಾನು ಸೇರಿಸಿದ್ದು."

"ಯಾಕೆ?"

"ನಿಮಗ ತಿಳೀತದೇನು ಅಂತ. ನೀವು ಬರಕೊಂಡ್ರಿ. ಇನ್ನೊಮ್ಮೆ ಓದಸಿದ್ರಿ. 'ಪಾಪ ಸವಾರ' ಅಂದು ಪುಟ ತಿರುವಿದ್ರಿ. ನೀವು ಹೋಟೆಲ್ ಮಾಲೀಕರ ಮಗಳು, ನನಗ ಕಾಯಂ ನೌಕರಿ ಸೈತ ಇಲ್ಲ. ಉತ್ತರ ಸಿಕ್ಕಂಗ ಆತು."

"ಇಷ್ಟು ವರ್ಷ ಕ್ಲಾಸಲ್ಲಿ ಮಕ್ಕಳಿಗೆ ಇದನ್ನೇ ಓದಿ ಹೇಳಿದ್ದೇನೆ! ಸುಳ್ಳು ಇತಿಹಾಸ!"

"ತಪ್ಪಾತ್ರಿ. ಹೊಡದ ಹಾಕ್ರಿ."

ಅವಳು ಪೆನ್ನು ತೆಗೆದು ಸಾಲಿನ ಮೇಲೆ ಗೆರೆ ಎಳೆದಳು. ನಿಧಾನವಾಗಿ, ಕೊನೆಯ ಅಕ್ಷರದವರೆಗೂ. ಆಮೇಲೆ ಪೆನ್ನಿನ ಮುಚ್ಚಳ ಹಾಕಲು ಹೋಗಿ ಎರಡು ಸಲ ತಪ್ಪಿದಳು.

"ಸವಾರ ಹೇಳ್ಲಿಲ್ಲ, ಸರಿ. ನೀವು ಹೇಳಿದ್ದು ನಿಜವಾ?"

"ಅವತ್ತೂ ಖರೇ," ಎಂದ. ಸ್ವಲ್ಪ ತಡೆದು, "ಇವತ್ತೂ."

"ಅವತ್ತು ಇನ್ನೊಮ್ಮೆ ಓದಿ ಅಂದದ್ದು ಬರ್ಕೊಳ್ಳಿಕ್ಕೆ ಅಂದ್ಕೊಂಡ್ರಾ? ನಾನು ಮೊದಲ ಸಲವೇ ಬರೆದಾಗಿತ್ತು. ನಿಮ್ಮ ಬಾಯಲ್ಲಿ ಅದನ್ನು ಕೇಳ್ಬೇಕಿತ್ತು ನನಗೆ. ಮರುವಾರ ಬಂದ್ರೆ ನಿಮ್ಮ ಕುರ್ಚಿ ಖಾಲಿ."

ಶಶಿಕಾಂತ ಕುರ್ಚಿ ಎಳೆದುಕೊಂಡು ಅವಳ ಎದುರು ಕುಳಿತ. ಕೆಳಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಚಹಾ ಮಾಡಲೇ ಎಂದು ಅವನು ಕೇಳಿದಾಗ ಅವಳು ಕಣ್ಣೊರೆಸಿಕೊಂಡು, "ಸಕ್ಕರೆ ಬೇಡ, ಶುಗರ್ ಉಂಟು," ಎಂದಳು. ಇಬ್ಬರೂ ನಕ್ಕರು.

ಸಂಜೆ ಬಸ್ಸಿನಲ್ಲಿ ದಾದರ್ ಸ್ಟೇಷನ್ನಿನವರೆಗೆ ಬಿಡಲು ಬಂದ. ಹೂವಿನ ಬುಟ್ಟಿಗಳ ನಡುವೆ, ನೂಕುವ ಜನರ ನಡುವೆ, ಅವಳಿಗೆ ತಾಗದಂತೆ ತೋಳು ಅಡ್ಡ ಹಿಡಿದು ನಡೆದ. ಟಿಕೆಟ್ ಕಿಟಕಿಯ ಬಳಿ ನಿಂತು, ಬೀಳ್ಕೊಡಲು ಕೈ ಜೋಡಿಸಿದ.

ಅವಳು ಅದನ್ನು ನೋಡದವಳಂತೆ ಕಿಟಕಿಗೆ ಬಾಗಿದಳು. "ದೋನ್ ಗೋರೆಗಾವ್."

ಶಶಿಕಾಂತನ ಕೈಗಳು ಜೋಡಿಸಿದಂತೆಯೇ ಉಳಿದವು.

"ನನಗ ರಿಟರ್ನ್ ಬೇಕಾಗ್ತದಲ್ರೀ?"

ಪ್ರಫುಲ್ಲಾ ಎರಡೂ ಟಿಕೆಟನ್ನು ತನ್ನ ಪರ್ಸಿಗೆ ಸೇರಿಸಿದಳು. ಅವನ ತೋಳು ಹಿಡಿದು, ಆ ಜನಜಂಗುಳಿಯಲ್ಲೇ, ಸೇತುವೆಯ ಮೆಟ್ಟಿಲು ಹತ್ತತೊಡಗಿದಳು.