ಖಾಲಿ ತೊಟ್ಟಿಯ ಅಳತೆ

ದೇವರ ಮೇಲೆ ಭಾರ ಹಾಕಿ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಕಾರ್ಖಾನೆಯ ಕೊಳಚೆನೀರಿನ ತೊಟ್ಟಿಯನ್ನು ಅಂದು ಬರಿದು ಮಾಡಿದ್ದೆವು. ಅಕ್ಕನ ಗಂಡ ಒಳಗಿಳಿದು ತಳ ಕೆರೆಯುತ್ತಿದ್ದರು. ಮೇಲೆ ಕಾವಲಿಗೆ ನಾನಿದ್ದೆ. ತೊಟ್ಟಿಯ ಬಾಯಲ್ಲಿ, ನೀರನ್ನು ಮುಟ್ಟದೆಯೇ ಮಟ್ಟ ಅಳೆಯುವ ಸೆನ್ಸರ್ ಇತ್ತು. ಅದು ಕಳಿಸಿದ ಸದ್ದು ಕೆಳಗೆ ಏನಿದೆಯೋ ಅದಕ್ಕೆ ಬಡಿದು ಮರಳಿದರೆ, ಅದರ ಎತ್ತರ ಹೇಳುತ್ತದೆ. ಭಾವ ಅದರಡಿ ನಿಂತಾಗ, ಮೇಲೆ ನನ್ನ ಪಕ್ಕದಲ್ಲಿದ್ದ ಅದರ ಪರದೆಯಲ್ಲಿ ಆಳೆತ್ತರದ ಅಂಕಿ ಮೂಡಿತು. ಅದನ್ನು ಓದಿ ಹೇಳಿದೆ.

“ನನ್ನನ್ನೂ ಕೊಳಚೆ ಅಂದ್ಕೊಂಡಿದೆ ಕಣೋ,” ಎಂದು ನಕ್ಕರು.

ನಗುತ್ತಲೇ ಮೂಲೆಗೆ ಸರಿದರು. ಅಂಕಿ ಇಳಿಯಲಿಲ್ಲ. ಬಗ್ಗಿ ನೋಡಿದೆ, ಸೆನ್ಸರಿನಡಿ ಬರೀ ನೆಲ. ನಡುಹಗಲ ಬಿಸಿಲಲ್ಲೂ ನಾನು ಹಿಡಿದ, ತೊಟ್ಟಿಯ ಒಳಗೋಡೆಗೆ ಕೂರಿಸಿದ್ದ ಏಣಿ ತಣ್ಣಗಿತ್ತು. ಭಾವ ಹೆದರಿದರೆ ಕಾಲು ಜಾರೀತೆಂದು, “ಚಹಾ ಬಂತು, ಬನ್ನಿ ಭಾವ,” ಎಂದೆ.

“ಚಹಾ ಅಂದ್ರೆ ಸತ್ತಿದ್ರೂ ಎದ್ದು ಬರ್ತೀನಿ.”

ಅವರ ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡೆ. ಮುಚ್ಚಳ ಹಾಕಿ ಬೋಲ್ಟ್ ಬಿಗಿದೆ. ಪರದೆಯಲ್ಲಿ ಅಂಕಿ ಏರುತ್ತಿತ್ತು, ಏಣಿಯ ಒಂದೊಂದೇ ಮೆಟ್ಟಿಲಿನಷ್ಟು, ನಿಂತು ನಿಂತು. ಕೊನೆಗೆ ಅಳಿಸಿಹೋಯಿತು.

“ಕೆಟ್ಟೋಯ್ತೇನೋ,” ಎಂದರು ಭಾವ.

ಕೆಟ್ಟಿರಲಿಲ್ಲ. ಗೇಣಿಗಿಂತ ಹತ್ತಿರ ಬಂದದ್ದನ್ನು ಆ ಸೆನ್ಸರ್ ಅಳೆಯಲಾರದು.